ಒಣಗಿದ ಗೋಡೆಯ ಸುಳ್ಳು

ಬಚ್ಚಲ ಪೈಪಿಗೆ ಎಂಥ ನೆನಪು ಎಂದು ಕಿಸಕ್ಕನೆ ನಕ್ಕವರು ಯಾರು? ನಗುವವರು ಎದ್ದು ಹೋಗಿ. ಐವತ್ತೆಂಟು ವರ್ಷ ನಿಮ್ಮಂಥವರ ಮೈ ತೊಳೆದ ನೀರು ಹೊತ್ತಿದ್ದೇನೆ. ಯಾವ ಹಬ್ಬಕ್ಕೆ ಎಷ್ಟು ಎಣ್ಣೆ ಹರಿಯಿತು, ಎಲ್ಲ ನೆನಪಿದೆ. ಮರೆತಿದ್ದರೆ ಚೆನ್ನಾಗಿತ್ತು ಎನ್ನುವಂಥದ್ದೂ ಒಂದಿದೆ. ಅದನ್ನೇ ಹೇಳುತ್ತೇನೆ.

ನಾನು ಒಂದು ಸುಟ್ಟ ಮಣ್ಣಿನ ಪೈಪು. ಭಟ್ಟಿಯಲ್ಲಿ ಬೆಂದು, ಕಂದು ಮೆರುಗು ಪಡೆದು, ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿ ಧಾರವಾಡಕ್ಕೆ ಬಂದೆ. ನೀಲವ್ವನ ಮಾವ ನನ್ನನ್ನು ಬಡಿದು ನೋಡಿ, "ಕಂಚಿನಂಗ ಖಣ್ ಅಂತೈತಿ ನೋಡ್ರಿ" ಎಂದು ಓಣಿಗೆಲ್ಲ ಕೇಳುವಂತೆ ಹೊಗಳಿದ. ಬಚ್ಚಲಿನಿಂದ ಬೀದಿಯ ಗಟಾರದವರೆಗೆ ನನ್ನನ್ನು ಹೂಳಿಸಿದ. ಪಕ್ಕದಲ್ಲೇ ಎರಡು ಮನೆಗಳ ನಡುವಿನ ಮಣ್ಣಿನ ಗೋಡೆ. ಅದರಾಚೆ ಮಾಬೂಬಿಯ ಮನೆ. ನೀಲವ್ವ, ಮಾಬೂಬಿ ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು. ರೊಟ್ಟಿ, ಪಲ್ಯ, ಬೈಗುಳ ಎಲ್ಲ ಅತ್ತಿಂದಿತ್ತ ಓಡಾಡುತ್ತಿದ್ದವು.

ಹೋದ ವರ್ಷ ಬೀದಿಯಲ್ಲಿ ಕಲ್ಲು ತುಂಬಿದ ಟಿಪ್ಪರು ಹೋಯಿತು. ಕೀಲಿನ ಬಳಿ ನಾನು ಬಿರುಕು ಬಿಟ್ಟೆ. ನೀರು ಮೆಲ್ಲಗೆ ಗೋಡೆಗೆ ಇಳಿಯಿತು.

"ಮಾಬೂಬಿ, ನಿಮ್ಮ ಬಚ್ಚಲ ನೀರು ನಮ್ಮ ಗ್ವಾಡಿ ತಿನ್ನಾಕತ್ತೈತಿ" ಎಂದಳು ನೀಲವ್ವ.

"ನಮ್ದಲ್ಲ ಬಿಡಕ್ಕಾ."

"ಹಂಗಾರ ಎಂಟು ದಿನ ನೀರು ಹಾಕಬ್ಯಾಡ. ಗ್ವಾಡಿನ ಹೇಳತೈತಿ."

ಮಾಬೂಬಿ ಒಪ್ಪಿದಳು. ಅದೇ ವಾರ ನೀಲವ್ವನ ಮನೆಯವರೆಲ್ಲ ಬೀಗ ಹಾಕಿ ಗದಗಿಗೆ ಮದುವೆಗೆ ಹೋದರು. ಬೇಸಿಗೆ ಬೇರೆ. ತಿರುಗಿ ಬಂದಾಗ ಗೋಡೆ ಒಣಗಿತ್ತು.

"ನೋಡು! ಇನ್ನೇನು ಬೇಕು ಸಾಕ್ಷಿ?"

ಮಾಬೂಬಿ ತನ್ನ ಬಚ್ಚಲಿನ ನೀರು ಹೋಗುವ ಕಿಂಡಿಗೆ ಸಿಮೆಂಟು ಮೆತ್ತಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ದಿನಾ ಎರಡು ಓಣಿಯಾಚೆ ತಂಗಿಯ ಮನೆಗೆ ಸ್ನಾನಕ್ಕೆ ಹೊರಟಳು. ಮೊಣಕಾಲು ಎಳೆಯುವ ಅವಳ ಹೆಜ್ಜೆ ನನ್ನ ಬೆನ್ನ ಮೇಲೆಯೇ ಬೀಳುತ್ತಿತ್ತು. ಒಡೆದದ್ದು ನಾನೆಂದು ಹೇಳಲು ಗುಳುಗುಳು ಎಂದೆ. ಕಸ ಕಟ್ಟಿದೆಯೆಂದು ನೀಲವ್ವ ಸೋಡಾ ಹಾಕಿ ಬಿಸಿನೀರು ಸುರಿದಳು, ಅಷ್ಟೇ.

ಗೋಡೆ ಮತ್ತೆ ಹಸಿಯಾಯಿತು. "ಕದ್ದು ಜಳಕ ಮಾಡಾಕತ್ತಾಳ" ಎಂದು ನೀಲವ್ವ ಪೈಪಿನ ಕೆಲಸದ ಫಕ್ಕೀರಪ್ಪನನ್ನು ಕರೆಸಿದಳು. ಅಗೆದರೆ ಮಣ್ಣಿನ ಗೋಡೆ ಕುಸಿಯುತ್ತದೆಂದು ಅವನು ತಂತಿಗೆ ಕಟ್ಟಿದ ಕ್ಯಾಮೆರಾ ತಂದಿದ್ದ. ಸಾಕ್ಷಿಗೆಂದು ಮಾಬೂಬಿಯನ್ನೂ ಕರೆದದ್ದಾಯಿತು. ಕ್ಯಾಮೆರಾ ನನ್ನೊಳಗೆ ಬಂತು. ಒಂದು ಬಕೆಟ್ ನೀರು ಸುರಿದರು. ನನ್ನ ಬಿರುಕು, ಅದರಲ್ಲಿ ನುಸುಳುವ ನೀರು, ಎಲ್ಲವನ್ನೂ ಅಂಗಳದಲ್ಲಿ ನಿಂತವರು ಪರದೆಯ ಮೇಲೆ ಕಂಡರು. ನೆಲ ಬಾಯಿಬಿಡಬಾರದೇ ಎನ್ನಲೂ ಆಗಲಿಲ್ಲ, ನಾನಿದ್ದದ್ದೇ ನೆಲದೊಳಗೆ.

"ಯವ್ವಾ, ಒಡದದ್ದು ನಿಮ್ಮ ಪೈಪು" ಎಂದ ಫಕ್ಕೀರಪ್ಪ.

"ಮತ್ತ ಅವತ್ತ ಒಣಗಿತ್ತಲ್ಲೋ?"

"ಅವತ್ತ ನೀವೂ ಗದಗಿನ್ಯಾಗ ಜಳಕ ಮಾಡಾಕತ್ತಿದ್ರಿ, ಅಕ್ಕಾ" ಎಂದಳು ಮಾಬೂಬಿ. ಟವೆಲ್ಲು ಎತ್ತಿಕೊಂಡು ನಡೆದಳು.

ಫಕ್ಕೀರಪ್ಪ ಅಂಟಿನಲ್ಲಿ ನೆನೆಸಿದ ಉದ್ದನೆಯ ಬಟ್ಟೆಯ ಚೀಲವೊಂದನ್ನು ನನ್ನೊಳಗೆ ತಳ್ಳಿದ. ಗಾಳಿ ತುಂಬಿ ನನ್ನ ಮೈಗೆ ಒತ್ತಿದ. ಬಿಸಿನೀರು ಹಾಯಿಸಿ ಗಟ್ಟಿ ಮಾಡಿದ. ಒಂದು ಹಿಡಿ ಮಣ್ಣನ್ನೂ ಅಗೆಯಲಿಲ್ಲ. ಈಗ ನನ್ನೊಳಗೆ ಹೊಸ ಪೈಪು. ನಾನು ಬರೀ ತೊಗಲು. ನೀರೇ ನನ್ನನ್ನು ಮುಟ್ಟುವುದಿಲ್ಲ. ನಾಚಿಕೆ ಮಾತ್ರ ಮುಟ್ಟುತ್ತದೆ.

ಮರುದಿನ ನೀಲವ್ವ ಉಳಿ, ಸುತ್ತಿಗೆ ಹಿಡಿದು ಮಾಬೂಬಿಯ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಸಿಮೆಂಟು ಒಡೆಯತೊಡಗಿದಳು. ಪ್ರತಿ ಪೆಟ್ಟೂ ನನಗೆ ಕೇಳಿಸಿತು.

"ಮೆಲ್ಲಕಬೇ. ಕಲ್ಲು ಒಡದ್ರ ಅದಕ್ಕೂ ನನ್ನ ಹೆಸರ ಹೇಳತಿ."

"ಬಾಯಿ ಮುಚ್ಚು" ಎಂದ ನೀಲವ್ವನ ದನಿ ಒಡೆದಿತ್ತು. "ಬಡದರ ಬಡಿ, ಹಿಂಗ ಮಾತಾಡಬ್ಯಾಡ."

"ಮೊದ್ಲ ಕಿಂಡಿ ಬಿಡಸು. ನಾಳೆ ಇಲ್ಲೇ ಜಳಕ ಮಾಡಬೇಕು ನಾನು."

ಹಸಿ ಗೋಡೆ ಕಂಡಲ್ಲೆಲ್ಲ ಈ ಕಥೆ ಹೇಳಿ. ಒಡೆದದ್ದು ನಾನೇ ಎಂದು ಹೇಳಿ, ಮುಚ್ಚಿಡಬೇಡಿ. ಮೂವತ್ತೊಂದು ದಿನ ಮಾಬೂಬಿ ಟವೆಲ್ಲು ಹೊತ್ತು ನಡೆದಳು ಎಂಬುದನ್ನಂತೂ ಬಿಡಲೇಬೇಡಿ.