ಅಳಿಸಿ ಹಾಕಿದ ಗುರುತು

ಭಾಗೀರಥಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ನಂಜನಗೂಡಿನಲ್ಲಿ ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದ ಬದರೀನಾರಾಯಣ ರಾಯರು, ತಮ್ಮ ಹೆಂಡತಿ ಸುಳ್ಳು ಹೇಳುವವಳಲ್ಲ ಎಂದು ತಿಳಿಸುವುದಕ್ಕಾಗಿಯೇ ಬಸ್ಸು ಹತ್ತಿ ತಿ. ನರಸೀಪುರಕ್ಕೆ ಬಂದರು.

ಅಲ್ಲಿನ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ವಿಭಾ, ರಾಯರ ತಂಗಿಯ ಮೊಮ್ಮಗಳು. ಪರದೇಶದ ಒಂದು ವ್ಯಕ್ತಿತ್ವ ಪರೀಕ್ಷೆಯನ್ನು ಕನ್ನಡಕ್ಕೆ ತಂದು, ನಮ್ಮ ಕಡೆಯ ಹಿರಿಯರಿಗೆ ಅದು ಒಗ್ಗುವುದೋ ಇಲ್ಲವೋ ಎಂದು ನೋಡುತ್ತಿದ್ದಳು. ಅರವತ್ತು ವಾಕ್ಯ, ಒಂದೊಂದರ ಮುಂದೆಯೂ ‘ಸರಿ’, ‘ತಪ್ಪು’ ಎಂಬ ಎರಡು ಚೌಕ. ಕಾಯಿಲೆ ಬೀಳುವ ಮೊದಲು ಭಾಗೀರಥಮ್ಮನೂ ಒಂದು ಹಾಳೆ ತುಂಬಿ ಕೊಟ್ಟಿದ್ದರು. ಉತ್ತರಗಳು ನಿಜವೆನಿಸದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟುಬಿಟ್ಟೆವೆಂದು ವಿಭಾ ಫೋನಿನಲ್ಲಿ ಬಾಯಿತಪ್ಪಿ ಹೇಳಿದ್ದಳು.

“ಬೇಜಾರು ಮಾಡ್ಕೋಬೇಡಿ ತಾತ. ‘ನನಗೆ ಎಂದೂ ಕೋಪ ಬಂದಿಲ್ಲ’ ಅನ್ನೋ ಥರದ ಹತ್ತು ವಾಕ್ಯ ಬೇಕಂತ್ಲೇ ಸೇರಿಸಿರ್ತೀವಿ. ಎಲ್ಲಕ್ಕೂ ‘ಸರಿ’ ಅಂದ್ರೆ, ಒಳ್ಳೇವ್ರು ಅನ್ನಿಸ್ಕೊಳ್ಳೋಕೆ ಬರೆದಿದ್ದಾರೆ ಅಂತ ಲೆಕ್ಕ.”

“ಅವಳಿಗೆ ಕೋಪ ಬಂದದ್ದು ನಾನಂತೂ ಕಾಣೆ ಮಗೂ.”

ವಿಭಾ ಹಾಳೆಯನ್ನು ತಂದು ಕೈಗಿತ್ತಳು. ರಾಯರು ಕನ್ನಡಕ ಏರಿಸಿದರು. ಕೋಪದ ವಾಕ್ಯದ ಮುಂದೆ ‘ಸರಿ’ಯಲ್ಲಿ ಗುರುತಿತ್ತು. ಪಕ್ಕದ ‘ತಪ್ಪು’ ಚೌಕದಲ್ಲಿ ಪೆನ್ಸಿಲಿನ ಗುರುತನ್ನು ಉಜ್ಜಿ ಅಳಿಸಿದ ಕಲೆ. ಕೆಳಗಿನದಕ್ಕೂ ಹಾಗೆಯೇ. ಅದರ ಕೆಳಗೂ.

ಅವರಿಗೆ ಹಾಳೆ ತುಂಬಿದ ಸಂಜೆ ನೆನಪಾಯಿತು. ಒಬ್ಬರೇ ಕೂತು ತುಂಬಬೇಕೆಂದು ಹಾಳೆಯ ತಲೆಯ ಮೇಲೇ ಅಚ್ಚಾಗಿತ್ತು. ಆದರೂ ಅವರು ಮಣೆ ಎಳೆದು ಪಕ್ಕದಲ್ಲಿ ಕುಳಿತಿದ್ದರು. “ನಾಲ್ಕು ಜನ ನೋಡೋ ಕಾಗದ ಕಣೆ. ನಿನಗೆಲ್ಲಿ ಕೋಪ? ಅಳಿಸು, ಅಳಿಸು.” ಭಾಗೀರಥಮ್ಮ ನಕ್ಕಿದ್ದರು. “ಮೇಷ್ಟ್ರೇ ಕೂತು ಕಾಪಿ ಹೊಡೆಸಿದ್ರೆ ನಾನು ಫಸ್ಟ್ ಕ್ಲಾಸೇ ಬಿಡಿ.” ನಗುತ್ತಲೇ ಅಳಿಸಿದ್ದರು.

“ನೀನು ಬಿಟ್ಟದ್ದೇ ಸರಿ ಮಗೂ,” ಎಂದರು ರಾಯರು. “ಇದು ಅವಳ ಹಾಳೆ ಅಲ್ಲ. ನಂದು.”

ವಿಭಾ ರಾಯರ ಕೈಯ ಮೇಲೆ ಕೈಯಿಟ್ಟಳು. ಆಮೇಲೆ ಬಾಗಿ ನೋಡಿ, “ಇಲ್ಲಿ ಮಧ್ಯದ ಒಂಬತ್ತು ವಾಕ್ಯದಲ್ಲಿ ಮಾತ್ರ ಏನೂ ಅಳಿಸಿಲ್ಲ ತಾತ,” ಎಂದಳು.

ಇಪ್ಪತ್ಮೂರರಿಂದ ಮೂವತ್ತೊಂದು. ಅಷ್ಟನ್ನು ತುಂಬುವ ಹೊತ್ತು ರಾಯರು ಸಂಧ್ಯಾವಂದನೆಗೆ ಎದ್ದು ಹೋಗಿದ್ದರು. ‘ಮನಸ್ಸಿನ ನೋವನ್ನು ಮನೆಯವರಲ್ಲಿ ಹೇಳಿಕೊಳ್ಳುತ್ತೇನೆ’: ತಪ್ಪು. ‘ಅಳು ಬಂದರೆ ಯಾರೂ ಕಾಣದ ಕಡೆಗೆ ಹೋಗುತ್ತೇನೆ’: ಸರಿ. ನೇರವಾದ, ಹದವಾದ ಗುರುತುಗಳು.

“ಈ ಒಂಬತ್ತನ್ನಾದ್ರೂ ಸೇರಿಸ್ಕೋತೀಯಾ?”

“ಒಂಬತ್ತರಲ್ಲಿ ಏನೂ ತಿಳಿಯಲ್ಲ ತಾತ. ಹಾಳೆ ನೀವೇ ಇಟ್ಕೊಳ್ಳಿ.”

ರಾಯರು ಅದನ್ನು ಪಂಚಾಂಗದೊಳಗೆ ಮಡಿಸಿಟ್ಟು, ನಂಜನಗೂಡಿನ ಬಸ್ಸು ಹತ್ತಿದರು. ಮನೆ ಸೇರುವಾಗ ಸಂಜೆಯಾಗಿತ್ತು. ಕಾಲು ತೊಳೆದು, ಅರ್ಘ್ಯ ಬಿಟ್ಟು, ಜಪಕ್ಕೆ ಕುಳಿತರು. ಹತ್ತು ಗಾಯತ್ರಿ ಮುಗಿಯುತ್ತಲೇ ಬೆರಳು ನಿಂತಿತು. ದಿನವೂ ತಪ್ಪದೆ ನೂರೆಂಟು ಮಾಡುವವರು, ತಾವಿಲ್ಲದಾಗ ಅವಳು ಏನಾದರೂ ತಪ್ಪು ತುಂಬಿಯಾಳೆಂದು ಆ ಒಂದು ಸಂಜೆ ಮಾತ್ರ ಹತ್ತಕ್ಕೇ ಎದ್ದು ಬಂದಿದ್ದರು. ಅವಳಿಗೆ ಸಿಕ್ಕಿದ್ದು ಒಂಬತ್ತು ವಾಕ್ಯದಷ್ಟೇ ಹೊತ್ತು.