ಬೆಚ್ಚನೆಯ ನೀರಿನ ವೀರಮೀನುಗಳು

ಮೀನು ಸಾಕುವವರ ಬಾಯಲ್ಲಿ ಈ ಕಥೆ ಎರಡು ಮೂರು ಬಗೆಯಲ್ಲಿ ಓಡಾಡುತ್ತದೆ. ಎಲ್ಲದರಲ್ಲೂ ಪ್ರಯೋಗಾಲಯದ ಮುಖ್ಯಸ್ಥರಿಗೆ ಒಂದೇ ಹೆಸರು: ಚಪ್ಪಾಳೆ ಸಾಹೇಬರು. ಕೈ ತಟ್ಟುವವರಿಲ್ಲದ ಕೋಣೆಗೆ ಅವರು ಕಾಲಿಟ್ಟದ್ದನ್ನು ಕಂಡವರಿಲ್ಲ.

ಅವರ ಕೈಕೆಳಗೆ ಒಬ್ಬ ಸಂಶೋಧಕಿಯಿದ್ದಳು. ಸಾಕುಮೀನುಗಳನ್ನು ಕೊಲ್ಲುವ ವೈರಸ್ಸು ಜೀವಕೋಶದೊಳಕ್ಕೆ ನುಗ್ಗುವ ಬಾಗಿಲೊಂದನ್ನು ಗುರುತಿಸಿ, ಆ ಬಾಗಿಲನ್ನು ರೂಪಿಸುವ ಜೀನನ್ನು ಅವಳು ಮೊಟ್ಟೆಯಲ್ಲೇ ಕತ್ತರಿಸಿ ತೆಗೆದಿದ್ದಳು. ಬಾಗಿಲೇ ಇಲ್ಲದ ಮೀನಿನೊಳಕ್ಕೆ ರೋಗ ಹೇಗೆ ಹೊಕ್ಕೀತು? ಇದು ಅವಳ ಅಣ್ಣನ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಹಿಂದಿನ ಚಳಿಗಾಲದಲ್ಲಿ ಅವನ ಕೊಳಗಳ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದ್ದವು. ಮತ್ತೊಮ್ಮೆ ಹಾಗಾದರೆ ಅವನು ಕೊಳ ಮಾರಿಕೊಂಡು ಹೋಗಬೇಕಿತ್ತು.

ವೈರಸ್ಸು ಬೆರೆಸಿದ ತೊಟ್ಟಿಯಲ್ಲಿ ಅವಳ ಮೀನುಗಳು ಚುರುಕಾಗಿ ಈಜಿದವು. ಸಾಹೇಬರು ಹಿಗ್ಗಿ ಹೀರೇಕಾಯಿಯಾದರು.

"ಪಕ್ಕದ ತೊಟ್ಟೀಲಿ ಮಾಮೂಲಿ ಮೀನು ಬಿಟ್ಟು ಅದಕ್ಕೂ ವೈರಸ್ ಹಾಕ್ಬೇಕು ಸಾರ್. ಹೋಲಿಸಿ ನೋಡದೆ ಏನೂ ಹೇಳೋಕಾಗಲ್ಲ."

"ಅವು ಸಾಯ್ತವೆ ತಾನೇ? ಮಂತ್ರಿಗಳು ಬಂದಾಗ ಹೆಣ ತೋರಿಸ್ಲೇನಮ್ಮ? ನಿಮ್ಮನೇಲಿ ನೆಂಟರಿಗೆ ಹಾಗೇ ಮಾಡ್ತೀರಾ?"

ಆದರೂ ಅವಳು ಪಕ್ಕದ ತೊಟ್ಟಿಗೆ ಮಾಮೂಲಿ ಮೀನು ಬಿಟ್ಟು ವೈರಸ್ಸು ಬೆರೆಸಿಯೇಬಿಟ್ಟಳು. ಅವೂ ಬದುಕಿದವು! ಅವಳು ತೊಟ್ಟಿಗೆ ಕೈಯಿಟ್ಟರೆ ನೀರು ಉಗುರುಬೆಚ್ಚಗಿತ್ತು. ಅತಿಥಿಗಳೆದುರು ಮೀನು ಮಂಕಾಗಿ ಕಾಣಬಾರದೆಂದು ಸಾಹೇಬರೇ ಎರಡೂ ತೊಟ್ಟಿಗಳಿಗೆ ಹೀಟರ್ ಹಾಕಿಸಿದ್ದರು. ಈ ವೈರಸ್ಸು ತಣ್ಣೀರಿನಲ್ಲಷ್ಟೇ ಕೊಲ್ಲುತ್ತದೆಂಬ ಮಾತು ಸಾಹೇಬರೇ ಬರೆದ ದಪ್ಪ ಪುಸ್ತಕದಲ್ಲಿದೆ. ಪಾಪ, ಅದನ್ನು ಓದಲು ಅವರಿಗೆ ಬಿಡುವಾಗಿರಲಿಲ್ಲ.

ಹೀಟರ್ ತೆಗೆಸಿ ಎಂದು ಅವಳು ಕೇಳಿಕೊಂಡಳು. "ಸಮಾರಂಭ ಮುಗೀಲಿ, ಆಮೇಲೆ ನೋಡೋಣ," ಎಂದರು ಅವರು, ಕನ್ನಡಿಯ ಮುಂದೆ ಟೈ ಸರಿಪಡಿಸಿಕೊಳ್ಳುತ್ತ.

ಸಮಾರಂಭದಲ್ಲಿ ವೇದಿಕೆಯ ಮೇಲಿನ ಎರಡು ತೊಟ್ಟಿಗಳ ಪಕ್ಕ ನಿಂತು "ಸಾವಿಲ್ಲದ ಮೀನು" ಎಂದು ಘೋಷಿಸಿದರು. ಮೀನು ಸಾಕುವವರಿಗೆ ಮರಿಗಳನ್ನು ಅಂದೇ ಕೊಡುವುದಾಗಿಯೂ ಸಾರಿದರು. ಮೊದಲ ಸಾಲಿನಲ್ಲಿದ್ದ ಅಣ್ಣ ಮರಿ ಪಡೆಯಲು ಎದ್ದು ನಿಂತದ್ದನ್ನು ಕಂಡು ಸಂಶೋಧಕಿ ತಡೆಯಲಾರದೆ ಹೇಳಿದಳು: "ಪಕ್ಕದ ತೊಟ್ಟೀಲಿರೋದು ಮಾಮೂಲಿ ಮೀನು. ಅದಕ್ಕೂ ಅದೇ ವೈರಸ್ ಹಾಕಿದೀನಿ. ಅವೂ ಬದುಕಿವೆ."

ಸಭೆಯ ತಲೆಗಳೆಲ್ಲ ಪಕ್ಕದ ತೊಟ್ಟಿಯತ್ತ ತಿರುಗಿದವು. ಸಾಹೇಬರ ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗಲಿಲ್ಲ. "ನೋಡಿದ್ರಾ! ನಮ್ಮ ಮೀನಿನ ಪ್ರಭಾವ ಪಕ್ಕದ ತೊಟ್ಟಿಗೂ ಹಬ್ಬಿದೆ!"

ಛಾವಣಿ ಹಾರುವಂತೆ ಚಪ್ಪಾಳೆ ಬಿತ್ತು. ಮಂತ್ರಿಗಳು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅವರಿಗೆ ಅರ್ಥವಾದದ್ದು ಅದೊಂದೇ.

ಅಣ್ಣ ಅವಳ ಬಳಿ ಬಂದ. "ಏನೇ ಇದು? ನೀನೇ ಮಾಡಿದ ಮೀನಲ್ವೇನೇ? ತಗೊಳ್ಲಾ, ಬೇಡ್ವಾ?"

"ಗೊತ್ತಿಲ್ಲಣ್ಣ."

"ಇಷ್ಟು ಓದಿ ಗೊತ್ತಿಲ್ಲ ಅಂತೀಯಲ್ಲೇ!"

"ಗೊತ್ತಿರೋರು ಅಲ್ಲಿ ಫೋಟೋ ತೆಗೆಸ್ಕೊಳ್ತಿದಾರೆ, ಅವ್ರನ್ನೇ ಕೇಳು."

ಅಣ್ಣ ವೇದಿಕೆಯತ್ತ ಹೆಜ್ಜೆಯಿಟ್ಟೇಬಿಟ್ಟ. ಅವಳು ಅವನನ್ನು ದಾಟಿ ಹೋಗಿ, ಮಂತ್ರಿಗಳ ಕಣ್ಣೆದುರೇ ಎರಡೂ ಹೀಟರುಗಳ ಪ್ಲಗ್ಗು ಕಿತ್ತಳು.

"ಏನಮ್ಮಾ ಮಾಡ್ತಿದೀಯ?" ಸಾಹೇಬರು ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಪ್ರಯೋಗ ಶುರು ಮಾಡ್ತಿದೀನಿ ಸಾರ್."

ನೀರು ತಣ್ಣಗಾದ ಮೇಲೆ ಮಾಮೂಲಿ ಮೀನುಗಳು ಒಂದೂ ಉಳಿಯಲಿಲ್ಲ. ಅವಳ ಮೀನುಗಳಲ್ಲಿ ಅರ್ಧ ಉಳಿದವು, ಅರ್ಧ ಸತ್ತವು. ಸಾಹೇಬರು ಉಳಿದ ಅರ್ಧವನ್ನಷ್ಟೇ ಎಣಿಸಿಕೊಂಡು ಇನ್ನೊಂದು ಊರಿನ ಸಭೆಗೆ ಹೊರಟರು. ಅಣ್ಣ ಸತ್ತವುಗಳನ್ನು ನೋಡಿ, ಮರಿ ಒಯ್ಯದೆ, ಆ ಚಳಿಗಾಲಕ್ಕೆ ಕೊಳಗಳನ್ನು ಖಾಲಿ ಬಿಟ್ಟ.