ಸೋಮವಾರದ ಸೀರೆ, ಮಂಗಳವಾರದ ಬೆಂಕಿ

ನಂಜನಗೂಡಿನ ಹೊರಗೆ ಕಸ ಸುಟ್ಟು ಆವಿ ಎಬ್ಬಿಸಿ ಕರೆಂಟು ಮಾಡುವ ಘಟಕ ಬಂದಾಗ, ಬಾಯ್ಲರಿನ ಉಸ್ತುವಾರಿ ಚಿಕ್ಕಸ್ವಾಮಿಗೆ ಸಿಕ್ಕಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಬ್ಬಿನ ಸಿಪ್ಪೆ ಉರಿಸಿದ ಕೈ ಅದು. ಊರಿನ ಕಸ ಮಾತ್ರ ಆ ಕೈಗೆ ಮರ್ಯಾದೆ ಕೊಡಲಿಲ್ಲ. ಎರಡು ಸಲ ಪರೀಕ್ಷೆ ನಡೆದು, ಎರಡು ಸಲವೂ ಬೆಂಕಿ ಹೊಗೆಯಾಗಿ, ಹೊಗೆ ನಗೆಯಾಗಿ ಮುಗಿದಿತ್ತು. ಮೂರನೆಯದು ಮಂಗಳವಾರ. ಸಂಜೆ ಆರರೊಳಗೆ ಸತತ ಆರು ಗಂಟೆ ಆವಿಯ ಒತ್ತಡ ನಲವತ್ತು ಕೆಜಿಯಲ್ಲಿ ನಿಲ್ಲದಿದ್ದರೆ ಅವನ ಜಾಗಕ್ಕೆ ಹೊರಗಿನ ತಂಡ ಬರುತ್ತದೆಂದು ಇಂಜಿನಿಯರ್ ಅಮೃತೇಶ್ ತಣ್ಣಗೆ ತಿಳಿಸಿದ್ದರು.

ಕಾರ್ಖಾನೆಯಲ್ಲಿ ಸಿಪ್ಪೆ ಗಾಣದಿಂದ ಬಂದದ್ದೇ ಒಲೆಗೆ ಹೋಗುತ್ತಿತ್ತು. ಚಿಕ್ಕಸ್ವಾಮಿ ಇಲ್ಲೂ ಹಾಗೇ, ಲಾರಿ ಬಂದ ದಿನವೇ ಕಸವನ್ನು ಬೆಂಕಿಗೆ ನೂಕಿಸುತ್ತಿದ್ದ. ಗುಂಡಿಯಲ್ಲಿ ಬಿಟ್ಟರೆ ಕೊಳೆಯುತ್ತದೆಂಬುದು ಅವನ ವಾದ.

ಹದಿನೈದು ವರ್ಷ ಊರು ಗುಡಿಸಿ, ಈಗ ಘಟಕದಲ್ಲಿ ಕಸ ಬೇರ್ಪಡಿಸುವ ಇಂದ್ರಾಣಿ ಪರೀಕ್ಷೆಯ ಹಿಂದಿನ ಸಂಜೆಯೇ ಎಚ್ಚರಿಸಿದ್ದಳು. ಸೋಮವಾರ ಕಪಿಲೆಯಲ್ಲಿ ಮಿಂದ ಭಕ್ತರು ಉಟ್ಟ ಬಟ್ಟೆಯನ್ನು ಹೊಳೆಗೇ ಬಿಡುತ್ತಾರೆ. ಹೊಳೆಯಿಂದ ಎತ್ತಿ ತುಂಬುವ ಮಂಗಳವಾರದ ಲಾರಿಯಲ್ಲಿ ಬರುವುದು ಮುಕ್ಕಾಲು ಪಾಲು ಆ ಒದ್ದೆ ಬಟ್ಟೆಯೇ. ಅದನ್ನು ಮುಟ್ಟದೆ, ಹಿಂದಿನ ಪರೀಕ್ಷೆ ಕೆಟ್ಟು ಒಲೆ ಆರಿದ್ದಾಗ ಟಿ. ನರಸೀಪುರದಿಂದ ಬಂದು, ಒಂದು ವಾರ ಗುಂಡಿಯಲ್ಲೇ ನೀರಿಳಿಸಿಕೊಂಡು ಹಗುರಾದ ರಾಶಿಯನ್ನು ಉರಿಸಿ ಎಂದಿದ್ದಳು. ಪೊರಕೆ ಹಿಡಿದವರಿಂದ ಬಾಯ್ಲರಿನ ಪಾಠ ಬೇಡವೆಂದು ಚಿಕ್ಕಸ್ವಾಮಿ ಮುಖ ತಿರುಗಿಸಿದ. ಇಂದ್ರಾಣಿ ಹೆಂಗಸರ ನಡುವೆ ಹೋಗಿ ಅವನಂತೆಯೇ ಹೊಟ್ಟೆ ಮುಂದೆ ಮಾಡಿ, ಮೂಗಿನಲ್ಲೇ ಹುಕುಂ ಹೊರಡಿಸಿ ನಗಿಸಿದಳು. ಅದು ಅವನಿಗೂ ಕೇಳಿಸಿತು.

ಮಂಗಳವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಒತ್ತಡದ ಮುಳ್ಳು ಮೂವತ್ತೊಂದಕ್ಕೆ ಇಳಿಯಿತು. ಬಾಯ್ಲರಿನ ಕಿಂಡಿಯಲ್ಲಿ ನೋಡಿದರೆ, ಒದ್ದೆ ಸೀರೆಗಳು ಜಡೆ ಹೆಣೆದುಕೊಂಡು ಮಲಗಿವೆ, ಬೆಂಕಿ ಅವುಗಳ ಕಾಲೊತ್ತುತ್ತಿದೆ. ಚಿಕ್ಕಸ್ವಾಮಿ ಆಳು ಕಳಿಸಲಿಲ್ಲ. ತಾನೇ ಮೆಟ್ಟಿಲಿಳಿದು ಹೆಂಗಸರಿದ್ದಲ್ಲಿಗೆ ಹೋದ.

"ಇಂದ್ರಾಣಮ್ಮ, ಯಾವ ಗುಡ್ಡೆ ಅಂದ್ರಿ?"

ಎಲ್ಲರೂ ಅವಳ ಅಣಕಿಗೆ ಕಾದರು. ಅವಳು ಕೈಗವಸು ಬಿಚ್ಚಿ, "ಬನ್ನಿ ಅಣ್ಣ, ತೋರುಸ್ತೀನಿ" ಎಂದಳು.

ಗುಂಡಿಯಿಂದ ಕಸ ಎತ್ತಿ ಒಲೆಗೆ ಹಾಕುವ ಕ್ರೇನನ್ನು ಹೆಲ್ಮೆಟ್ ಇಲ್ಲದವರು ಹತ್ತುವಂತಿರಲಿಲ್ಲ. ಚಿಕ್ಕಸ್ವಾಮಿ ತನ್ನದನ್ನೇ ತೆಗೆದು ಅವಳ ತಲೆಗಿಟ್ಟ. ಕ್ಯಾಬಿನ್ನಿನಲ್ಲಿ ಅವಳು ಕ್ರೇನಿನವನ ಪಕ್ಕ ನಿಂತು ಬೆರಳು ಚಾಚಿದಳು. "ಅದಲ್ಲ ಕಣಪ್ಪ, ಪಕ್ಕದ್ದು. ತಳಕ್ಕೆ ಓಗ್ಬೇಡ, ಅಲ್ಲಿ ನೀರು ನಿಂತದೆ."

ಹನ್ನೊಂದಕ್ಕೆ ಮುಳ್ಳು ನಲವತ್ತು ಮುಟ್ಟಿತು. ಟರ್ಬೈನು ಮೊದಲು ಗೊಣಗಿ, ಆಮೇಲೆ ಒಂದೇ ಶ್ರುತಿ ಹಿಡಿಯಿತು. ಒಂದೊಂದು ಹಿಡಿ ಕಸಕ್ಕೂ ಚಿಕ್ಕಸ್ವಾಮಿ ಮೇಲೆ ನೋಡುತ್ತಿದ್ದ. ಅವಳು ತಲೆಯಾಡಿಸಿದರೆ ಮಾತ್ರ ಒಳಗೆ. ಸಂಜೆ ಐದಕ್ಕೆ ಆರು ಗಂಟೆಯ ಲೆಕ್ಕ ತುಂಬಿತು.

ಅಮೃತೇಶ್ ಬಂದು ಕೈಕುಲುಕಿ, ಇವತ್ತು ಏನು ಮಾಡಿದಿರಿ ಎಂದು ಕೇಳಿದರು.

"ಬೆಂಕಿ ನಂದು ಸಾ, ಕಸ ಇವ್ರದು" ಎಂದ ಚಿಕ್ಕಸ್ವಾಮಿ. "ನನ್ನ ಉಳಿಸ್ಕೊಳಾದಾದ್ರೆ ಇವ್ರನ್ನ ದಿನಾ ಕ್ರೇನ್ ಮೇಲೆ ಕೂರ್ಸಿ. ಇವ್ರಿಲ್ದೆ ನಾನು ಒಲೆ ಅಚ್ಚಕಿಲ್ಲ."

ಅಮೃತೇಶ್ ಇಂದ್ರಾಣಿಯ ಕಡೆ ನೋಡಿದರು.

"ಕೂತ್ಕತೀನಿ ಸಾ" ಎಂದಳು ಅವಳು. "ಮೊದ್ಲು ನನ್ಗೊಂದು ಎಲ್ಮೆಟ್ಟು ಕೊಡ್ಸಿ. ಬೆಳಗ್ಗಿಂದ ಇವ್ರದ್ದು ಆಕ್ಕೊಂಡು ತಲೆಯೆಲ್ಲ ಇವ್ರ ಅರಳೆಣ್ಣೆ."

ಅಮೃತೇಶ್ ಸ್ಟೋರಿಗೆ ಫೋನು ಹಚ್ಚಿದರು.